ಮೆಲುಕು

ಓದಿದ್ದು ಏಳೇ ಏಳು ವಚನ. ಹಿಡಿದದ್ದು ಒಂದು ಗಂಟೆ ಹತ್ತು ನಿಮಿಷ.

ಕೆಂಗೇರಿ ದಾಟಿ, ಮೈಸೂರು ರಸ್ತೆಯ ಗದ್ದಲ ದೂರದ ಹೊಳೆಯ ಹಾಗೆ ಕೇಳಿಸುವಷ್ಟು ಒಳಗೆ ಒಂದು ಧ್ಯಾನಕೇಂದ್ರ. ಜುಲೈ ತಿಂಗಳ ಶನಿವಾರ, ಮಧ್ಯಾಹ್ನ ಮೂರರ ಹೊತ್ತು. ಮಳೆ ನಿಂತಿತ್ತು, ಹೆಂಚಿನ ಅಂಚಿನಿಂದ ಹನಿ ಬೀಳುವುದು ನಿಂತಿರಲಿಲ್ಲ. ಹಜಾರದಲ್ಲಿ ಜಮಖಾನ ಹಾಸಿತ್ತು. ಮಂಡಿನೋವಿನವರಿಗೆಂದು ಗೋಡೆ ಬದಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ನಡುವೆ ಹಿತ್ತಾಳೆಯ ಕಾಲುದೀಪ, ಅದರ ಮುಂದೆ ಮರದ ವ್ಯಾಸಪೀಠ, ಪೀಠದ ಮೇಲೆ ಬಿಚ್ಚಿಟ್ಟ ಕನ್ನಡ ಬೈಬಲ್. ದೀಪದ ಬುಡಕ್ಕೆ ಯಾರೋ ನಾಲ್ಕು ದಾಸವಾಳ ಇಟ್ಟಿದ್ದರು. ಚಪ್ಪಲಿಗಳೆಲ್ಲ ಬಾಗಿಲಾಚೆ.

ನಾವು ಹನ್ನೊಂದು ಜನ. ಲೈನ್‌ಮನ್ ಆಗಿ ನಿವೃತ್ತರಾದವರೊಬ್ಬರು, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದ ನರ್ಸ್, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ನಡುವಯಸ್ಸಿನ ಹೆಂಗಸು, ಡಿಗ್ರಿ ಓದುವ ಇಬ್ಬರು ಹುಡುಗರು, ಇನ್ನೂ ಕೆಲವರು. ನಾನು ಕ್ರೈಸ್ತನಲ್ಲ. ಗೆಳೆಯನೊಬ್ಬ ‘ಸುಮ್ಮನೆ ಬಂದು ಕೂತ್ಕೊ, ಬರೀಬೇಡ’ ಎಂದು ಕರೆದಿದ್ದ. ಮೊದಲನೆಯದನ್ನು ಪಾಲಿಸಿದೆ.

ಹಿರಿಯ ಸಿಸ್ಟರ್ ಒಬ್ಬರು ಓದಲು ಕೂತರು. ಮಾರ್ಕನ ಶುಭಸಂದೇಶ, ಹತ್ತನೇ ಅಧ್ಯಾಯದ ಕೊನೆ. ಯೇಸು ಜೆರಿಕೋ ಊರಿನಿಂದ ಹೊರಟಿದ್ದಾರೆ, ಹಿಂದೆ ಜನಜಂಗುಳಿ. ದಾರಿಬದಿಯಲ್ಲಿ ಕೂತ ಕುರುಡ ಭಿಕ್ಷುಕ ಬಾರ್ತಿಮಾಯ ಕೂಗುತ್ತಾನೆ. ಜನ ಅವನ ಬಾಯಿ ಮುಚ್ಚಿಸಲು ನೋಡುತ್ತಾರೆ. ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ನಿಂತು ಕರೆಸುತ್ತಾರೆ; ಕುರುಡ ಹೊದ್ದಿದ್ದನ್ನು ಬಿಸಾಕಿ ನೆಗೆದು ಬರುತ್ತಾನೆ. ಏನು ಬೇಕೆಂದು ಅವರು ಕೇಳುತ್ತಾರೆ, ಇವನು ಕಣ್ಣು ಬೇಕೆನ್ನುತ್ತಾನೆ. ಅಷ್ಟೇ ಕತೆ. ಸಿಸ್ಟರ್ ಓದಿದ್ದು ಅಕ್ಕಿ ಆರಿಸುವವರ ಹಾಗೆ, ಒಂದೊಂದು ಪದವನ್ನೂ ಮುಟ್ಟಿ ನೋಡಿ ಮುಂದಕ್ಕೆ ಸರಿಸುತ್ತ. ಓದಿ ಮುಗಿಸಿ ಸುಮ್ಮನಾದರು. ಎಷ್ಟು ಹೊತ್ತಿನ ಸುಮ್ಮನೆ ಅಂದರೆ, ಅವರು ಮರೆತರೇನೋ ಎಂದು ನಾನು ಕಣ್ಣು ತೆರೆದು ನೋಡುವಷ್ಟು. ಆಮೇಲೆ ಪುಸ್ತಕ ಲೈನ್‌ಮನ್ ಅವರ ಕೈಗೆ ಹೋಯಿತು. ಅದೇ ಏಳು ವಚನ, ಈಗ ಗಂಡುದನಿಯಲ್ಲಿ, ಕನ್ನಡಕ ಸರಿಮಾಡಿಕೊಳ್ಳುತ್ತ, ಅಲ್ಲಲ್ಲಿ ತಡವರಿಸುತ್ತ. ಅವರು ತಡವರಿಸಿದ ಕಡೆಯೆಲ್ಲ ಕತೆ ಹೊಸದಾಗಿ ಕೇಳಿಸಿತು.

‘ಯಾವ ಮಾತು ನಿಮ್ಮನ್ನ ಹಿಡಿದು ನಿಲ್ಲಿಸ್ತೋ ಅದನ್ನಷ್ಟೇ ಹೇಳಿ. ಯಾಕೆ ಅಂತ ಬೇಡ,’ ಎಂದರು ಸಿಸ್ಟರ್.

ಫ್ಯಾನು ಕಿರ್‌ ಅನ್ನುತ್ತಿತ್ತು. ಒಬ್ಬ ಹುಡುಗ ‘ಸುಮ್ನಿರು’ ಎಂದ. ಲೈನ್‌ಮನ್ ‘ದಾರಿಬದಿ’ ಎಂದರು. ನರ್ಸ್ ‘ನಿಂತರು’ ಎಂದರು. ಗಾರ್ಮೆಂಟ್ಸ್‌ನ ಹೆಂಗಸು ಬಹಳ ಹೊತ್ತು ತೆಗೆದುಕೊಂಡು ‘ಹೊದಿಕೆ’ ಎಂದರು.

ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಜೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿರುವ ಊರು, ಅಲ್ಲಿಂದ ಜೆರುಸಲೇಮಿಗೆ ಏರುದಾರಿ, ಹಬ್ಬಕ್ಕೆ ಹೋಗುವವರ ಸಾಲು ಹಾದುಹೋಗುವ ಜಾಗ, ಭಿಕ್ಷುಕ ಜಾಗ ಚೆನ್ನಾಗಿಯೇ ಹಿಡಿದಿದ್ದಾನೆ ಎಂದೆಲ್ಲ. ಓದಿದ್ದನ್ನು ಕೂಡಲೇ ಮಾಹಿತಿಯಾಗಿ ಕಟ್ಟಿ ಅಟ್ಟಕ್ಕೆ ಎಸೆಯುವುದು ಪತ್ರಕರ್ತರ ಕಾಯಿಲೆ. ನನ್ನ ಸರದಿ ಬಂದಾಗ ಹೇಳಲು ಪದ ಸಿಗಲಿಲ್ಲ. ಯಾರೂ ಕಾಯಲಿಲ್ಲ, ಯಾರೂ ಬೇಸರಿಸಲಿಲ್ಲ. ಪುಸ್ತಕ ಮುಂದಿನವರ ಕೈಗೆ ಹೋಯಿತು.

ಬಾಗಿಲಲ್ಲಿ ಕೊಟ್ಟಿದ್ದ ಜೆರಾಕ್ಸ್ ಹಾಳೆ ನನ್ನ ಜೇಬಿನಲ್ಲಿತ್ತು. ಮೇಲೆ ‘ಲೆಕ್ತಿಯೊ ದಿವಿನಾ – ದಿವ್ಯ ಓದು’ ಎಂಬ ತಲೆಬರಹ. ಕೆಳಗೆ ನಾಲ್ಕು ಮೆಟ್ಟಿಲಿನ ಏಣಿಯ ಚಿತ್ರ: ಓದು, ಮನನ, ಪ್ರಾರ್ಥನೆ, ಧ್ಯಾನ. ಪ್ರತಿ ಮೆಟ್ಟಿಲಿನ ಪಕ್ಕ ಬಾಣದ ಗುರುತು, ಬಾಣದ ತುದಿಗೆ ನಿಮಿಷಗಳ ಲೆಕ್ಕ. ಕುಕ್ಕರಿನ ಜೊತೆ ಬರುವ ಕಾಗದದ ಹಾಗಿತ್ತು. ಎಷ್ಟು ಕೂಗಿಗೆ ದೇವರು ಬೆಂದು ಇಳಿಯುತ್ತಾನೆ ಎನ್ನುವುದೊಂದನ್ನು ಬರೆದಿರಲಿಲ್ಲ.

ಸಿಸ್ಟರ್ ಆ ಹಾಳೆಯನ್ನು ಒಮ್ಮೆಯೂ ನೋಡಲಿಲ್ಲ ಎನ್ನುವುದನ್ನು ನಾನು ಗಮನಿಸಿದ್ದು ಆಮೇಲೆ.

*

ಏಣಿ ಬಂದದ್ದು ಹಿಮದ ನಾಡಿನಿಂದ.

ಫ್ರಾನ್ಸಿನ ಗ್ರೆನೋಬ್ಲ್ ನಗರದಿಂದ ಉತ್ತರಕ್ಕೆ, ಆಲ್ಪ್ಸ್ ಸೀಮೆಯ ಸುಣ್ಣಗಲ್ಲಿನ ಬೆಟ್ಟಗಳ ಬಗಲಲ್ಲಿ ಗ್ರಾಂದ್ ಶಾರ್ತ್ರೂಜ್ ಎಂಬ ಮಠವಿದೆ. ರೀಮ್ಸ್ ನಗರದಲ್ಲಿ ಹೆಸರಾಂತ ಮೇಷ್ಟ್ರಾಗಿದ್ದ ಬ್ರೂನೊ 1084ರಲ್ಲಿ ಆರು ಜನ ಸಂಗಡಿಗರೊಂದಿಗೆ ಈ ಕಾಡು ಹೊಕ್ಕು ನೆಲೆಸಿದರು. ಪ್ರವಾಸಿಗಳಿಗೆ ಒಳಗೆ ಬಿಡುವುದಿಲ್ಲ. ಎರಡು ಕಿಲೋಮೀಟರ್ ಕೆಳಗೆ ಒಂದು ಮ್ಯೂಸಿಯಂ ಉಂಟು, ನೋಡುವುದಿದ್ದರೆ ಅದನ್ನು ನೋಡಿಕೊಂಡು ಬರಬೇಕು. ನಾನು ಒಳಗೆ ಹೋದದ್ದು ಸಿನಿಮಾದ ಕಿಂಡಿಯಿಂದ. ಜರ್ಮನಿಯ ನಿರ್ದೇಶಕ ಫಿಲಿಪ್ ಗ್ರೋನಿಂಗ್ 1984ರಲ್ಲಿ ಚಿತ್ರ ತೆಗೆಯಲು ಅನುಮತಿ ಕೇಳಿದರು. ಈಗಲ್ಲ ಎಂದ ಮಠದವರು ಆಗಲಿ ಎಂದದ್ದು ಹದಿನಾರು ವರ್ಷದ ಮೇಲೆ. ಅಷ್ಟು ವರ್ಷ ಅವರು ಅದನ್ನು ಮರೆತಿರಲಿಲ್ಲ ಎನ್ನುವುದೇ ನನಗೆ ಸೋಜಿಗ. 2005ರಲ್ಲಿ ತೆರೆಗೆ ಬಂದ ಆ ಚಿತ್ರ ಎರಡೂವರೆ ಗಂಟೆಗೂ ಮಿಕ್ಕಿದ್ದು; ನಿರೂಪಣೆಯಿಲ್ಲ, ಹಿನ್ನೆಲೆ ಸಂಗೀತವಿಲ್ಲ, ದೀಪ ಹಾಕಿ ಬೆಳಗಿದ್ದೂ ಇಲ್ಲ. ಹಿಮ ಬೀಳುತ್ತದೆ. ಒಬ್ಬರು ಬಟ್ಟೆ ಅಳೆದು ಕತ್ತರಿಸುತ್ತಾರೆ. ಒಬ್ಬ ಮುದುಕಪ್ಪ ಬೆಕ್ಕುಗಳನ್ನು ಕರೆದು ಅನ್ನ ಹಾಕುತ್ತಾರೆ. ಒಬ್ಬರು ಮಂಡಿಯೂರಿ ಕೂತಿದ್ದಾರೆ, ಕೂತೇ ಇದ್ದಾರೆ.

ಆ ಮಠದಲ್ಲಿ ಪ್ರತಿಯೊಬ್ಬ ಸನ್ಯಾಸಿಗೂ ಒಂದು ಪುಟ್ಟ ಮನೆಯೇ ಉಂಟು. ಕೆಳಗೆ ಸೌದೆ ಕೊಟ್ಟಿಗೆ, ಕೈಗೆಲಸದ ಮೂಲೆ, ನಾಲ್ಕು ಗೋಡೆಯೊಳಗಿನ ತುಂಡು ತೋಟ. ಮೇಲೆ ಮಂಚ, ಒಲೆ, ಮಂಡಿಯೂರುವ ಮಣೆ, ಓದುವ ಮೇಜು. ಊಟ ಬರುವುದು ಬಾಗಿಲ ಪಕ್ಕದ ಗೂಡಿನಿಂದ; ಇಟ್ಟು ಹೋದವರ ಮುಖ ಕಾಣಬೇಕಿಲ್ಲ. ಮಾಂಸ ಯಾವತ್ತೂ ಇಲ್ಲ. ಸಂಜೆ ಎಂಟಕ್ಕೆ ಮಲಗಿದವರು ಹನ್ನೊಂದೂವರೆಗೆ ಎದ್ದು, ಮಧ್ಯರಾತ್ರಿಯ ಮೇಲೆ ಕತ್ತಲ ಗುಡಿಯಲ್ಲಿ ಸೇರಿ ಎರಡು ಮೂರು ಗಂಟೆ ಕೀರ್ತನೆಗಳನ್ನು ಎಳೆದೆಳೆದು ಹಾಡುತ್ತಾರೆ. ಮೂರರ ಸುಮಾರಿಗೆ ಮತ್ತೆ ನಿದ್ದೆ. ರಾತ್ರಿಯನ್ನು ಹೀಗೆ ನಡುವೆ ಸೀಳಿ ಒಂದು ಹೋಳನ್ನು ಶಬ್ದಕ್ಕೆ ಕೊಡುವ ಕ್ರಮ ಒಂಬತ್ತು ಶತಮಾನ ದಾಟಿ ಬಂದಿದೆ. ಗುಡಿಯಲ್ಲಿ ಎಲ್ಲರೂ ಕೂಡಿ ಹಾಡಿದ್ದನ್ನು ಹಗಲಲ್ಲಿ ಒಬ್ಬೊಬ್ಬರೇ ತಮ್ಮ ಕೋಣೆಯಲ್ಲಿ ಕೂತು ಬಿಡಿಸಿಕೊಳ್ಳುತ್ತಾರೆ.

ಐದನೇ ಮಠಾಧಿಪತಿ ಒಂದನೇ ಗೀಗೊ ಬರೆದಿಟ್ಟ ಕಟ್ಟುಕಟ್ಟಳೆಗಳಲ್ಲಿ ಪುಸ್ತಕದ ಮಾತು ಬರುವ ಜಾಗ ನನಗೆ ಬಹಳ ಇಷ್ಟ. ಒಬ್ಬೊಬ್ಬರಿಗೆ ಓದಲು ಎರಡು ಪುಸ್ತಕ ಕೊಡಬೇಕು. ಹೊಗೆ ಹಿಡಿಯದಂತೆ, ದೂಳು ಕೂರದಂತೆ ಅವನ್ನು ನೋಡಿಕೊಳ್ಳಬೇಕು. ನಮ್ಮ ತಾಳೆಗರಿ ಕಟ್ಟುಗಳನ್ನು ಅಟ್ಟದ ಹೊಗೆಯಲ್ಲೇ ಕಾಪಾಡಿದ ಮಲೆನಾಡಿನ ಅಜ್ಜಂದಿರು ಇದನ್ನು ಕೇಳಿ ನಗುತ್ತಿದ್ದರೇನೋ. ಚರ್ಮದ ಹಾಳೆಗೆ ಹೊಗೆ ಶತ್ರು, ತಾಳೆಗರಿಗೆ ಮಿತ್ರ. ಬಾಯಿಂದ ಬೋಧಿಸಲು ನಮಗಾಗದು, ಪುಸ್ತಕ ನಕಲು ಮಾಡಿ ಕೈಯಿಂದ ಬೋಧಿಸೋಣ ಎಂಬ ಅರ್ಥದ ಮಾತೂ ಅಲ್ಲಿದೆ. ಈ ಗೀಗೊ ಕಾಲದಲ್ಲೇ, 1132ರ ಜನವರಿಯಲ್ಲಿ, ಹಿಮ ಕುಸಿದು ಮೊದಲ ಮಠ ನೆಲಸಮವಾಯಿತು. ಏಳು ಜನ ಸತ್ತರು. ಉಳಿದವರು ಸ್ವಲ್ಪ ಕೆಳಗೆ ಸರಿದು ಮತ್ತೆ ಕಟ್ಟಿದರು.

ಹಾಗೆ ಕಟ್ಟಿದ ಮಠದಲ್ಲಿ ಒಂಬತ್ತನೇ ಅಧಿಪತಿಯಾಗಿದ್ದವರು ಎರಡನೇ ಗೀಗೊ. ಅವರು ಗೆರ್ವಾಸ್ ಎಂಬ ಸಹೋದರನಿಗೆ ಬರೆದ ಒಂದು ಸಣ್ಣ ಪತ್ರವೇ ಎಲ್ಲ ಜೆರಾಕ್ಸ್ ಹಾಳೆಗಳ ಮೂಲ. ಒಂದು ದಿನ ಮೈಬಗ್ಗಿಸಿ ಏನೋ ಕೆಲಸ ಮಾಡುತ್ತಿದ್ದಾಗ ಈ ವಿಚಾರ ಹೊಳೆಯಿತು ಎಂದು ಅವರೇ ಹೇಳಿಕೊಳ್ಳುತ್ತಾರೆ. ಸೌದೆ ಒಡೆಯುತ್ತಿದ್ದರೋ ಮಣ್ಣು ಕೆದಕುತ್ತಿದ್ದರೋ, ಅಂತೂ ಕೈ ಕೆಲಸದಲ್ಲಿತ್ತು. ಬುಡ ನೆಲದಲ್ಲಿ, ತುದಿ ಮೋಡದಲ್ಲಿ ಇರುವ ಏಣಿ. ಅದಕ್ಕೆ ನಾಲ್ಕೇ ಮೆಟ್ಟಿಲು. ಯಾಕೋಬ ಕನಸಿನಲ್ಲಿ ಕಂಡ ಏಣಿಯ ನೆರಳು ಇದರ ಮೇಲಿದೆ. ಆದರೆ ಏಣಿಯ ಮಾತು ಮುಗಿಯುವ ಮೊದಲೇ ಗೀಗೊ ಊಟಕ್ಕೆ ಬರುತ್ತಾರೆ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಜಗಿಯುತ್ತದೆ, ಪ್ರಾರ್ಥನೆ ರುಚಿ ತೆಗೆಯುತ್ತದೆ, ಕೊನೆಯದು ಆ ಸವಿಯೇ ಎನ್ನುವುದು ಅವರ ಲೆಕ್ಕ. ಬೆಟ್ಟದ ಮೇಲೆ ಯೇಸು ಹೇಳಿದ, ಶುದ್ಧ ಮನಸ್ಸಿನವರ ಬಗೆಗಿನ ಒಂದೇ ಒಂದು ಮಾತನ್ನು ಎತ್ತಿಕೊಂಡು, ದ್ರಾಕ್ಷಿ ಹಣ್ಣನ್ನು ಹಲ್ಲಿಗೆ ಹಾಕಿ ಅರೆದಂತೆ ಅದನ್ನು ಅರೆಯುತ್ತ ಹೋಗುತ್ತಾರೆ. ಆ ಸವಿ ನಿಲ್ಲುವುದಿಲ್ಲ, ಬಂದ ಅತಿಥಿ ಹೊರಟುಹೋಗುತ್ತಾನೆ, ಹೋದನೆಂದು ಹೆದರಬೇಡ ಎಂದು ಸಮಾಧಾನವನ್ನೂ ಹೇಳುತ್ತಾರೆ. ಬಾಣ, ನಿಮಿಷ ಒಂದೂ ಇಲ್ಲ.

ಕುಡಿಯುವವರಿಗೆ ಈ ಮಠದ ಹೆಸರು ಬೇರೆ ಕಾರಣಕ್ಕೆ ಗೊತ್ತಿರುತ್ತದೆ. 130 ಸೊಪ್ಪು ಬೇರುಗಳಿಂದ ಮಾಡುವ ಶಾರ್ತ್ರೂಜ್ ಎಂಬ ಹಸಿರು ಮದ್ಯ ಇವರದೇ. ಮಠ ನಡೆಯುವುದು ಅದರ ವರಮಾನದಿಂದ. ಜಗತ್ತಿನಾದ್ಯಂತ ಬೇಡಿಕೆ ಏರಿದಾಗ ಅವರು ಉತ್ಪಾದನೆ ಹೆಚ್ಚಿಸುವುದಿಲ್ಲ ಎಂದು 2019ರಲ್ಲಿ ತೀರ್ಮಾನಿಸಿದರು. ಬಾಟಲಿಗಳು ಸಿಗದೆ ಪರದಾಟವಾಗಿ ಸುದ್ದಿ ಹೊರಬಿದ್ದದ್ದು 2023ರಲ್ಲಿ. ಪ್ರಾರ್ಥನೆಗೆ ಹೊತ್ತು ಸಾಲದಾಗುತ್ತದೆ ಎನ್ನುವುದು ಅವರು ಕೊಟ್ಟ ಕಾರಣ.

*

ಏಣಿಗಿಂತ ನನಗೆ ಹಸುವೇ ಹತ್ತಿರ. ಗೀಗೊ ಏಣಿ ಹಾಕುವ ನೂರಾರು ವರ್ಷ ಮೊದಲಿನಿಂದ ಈ ಓದಿಗೆ ಸನ್ಯಾಸಿಗಳು ಇಟ್ಟುಕೊಂಡಿದ್ದ ಹೆಸರು ರುಮಿನಾತಿಯೊ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಮೆಲುಕು.

ನಮ್ಮದು ತೀರ್ಥಹಳ್ಳಿ ಕಡೆ. ಚಿಕ್ಕವನಿದ್ದಾಗ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ ಮಲಗುತ್ತಿದ್ದೆ. ದೀಪ ಆರಿಸಿದ ಮೇಲೆ ಗೋಡೆಯಾಚೆಯಿಂದ ಆ ಸದ್ದು ಬರುತ್ತಿತ್ತು. ಹಗಲೆಲ್ಲ ಬೇಣದಲ್ಲಿ ಗಬಗಬನೆ ಎಳೆದು ನುಂಗಿದ್ದನ್ನು ಹಸು ಈಗ ಮತ್ತೆ ಬಾಯಿಗೆ ತಂದುಕೊಂಡು, ಅವಸರವಿಲ್ಲದೆ, ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ಅರೆಯುವ ಸದ್ದು. ನಡುವೆ ಒಂದು ನಿಟ್ಟುಸಿರು. ನುಂಗಿದಾಗ ಕುತ್ತಿಗೆಯ ಗಂಟೆ ಒಂದೇ ಸಲ ಟಿಣ್ ಎನ್ನುತ್ತಿತ್ತು. ಆಮೇಲೆ ಮತ್ತೊಂದು ಉಂಡೆ ಮೇಲೆ ಬರುತ್ತಿತ್ತು. ದಿನಕ್ಕೆ ಆರೆಂಟು ಗಂಟೆ ಹಸು ಮಾಡುವುದು ಇದನ್ನೇ. ಈಗ ಪತ್ರಿಕೆಗಳಲ್ಲಿ ‘ನೆನಪುಗಳ ಮೆಲುಕು’ ಎಂದರೆ ಹಳೆಯ ವಿದ್ಯಾರ್ಥಿಗಳು ಸೇರಿ ಗ್ರೂಪ್ ಫೋಟೋ ತೆಗೆಸಿಕೊಂಡರು ಎಂದರ್ಥ. ಆ ತಲೆಬರಹ ನಾನೂ ಕೊಟ್ಟಿದ್ದೇನೆ. ಕೊಟ್ಟಿಗೆ ಕಾಣದ ಕಾಲಕ್ಕೆ ಪದ ಹಾಗೆ ತೆಳುವಾಗುತ್ತದೆ.

ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ತಿನ್ನಬಹುದಾದ ಪ್ರಾಣಿಗಳ ಪಟ್ಟಿಯಿದೆ. ಗೊರಸು ಸೀಳಿರಬೇಕು, ಮೆಲುಕು ಹಾಕುವಂಥದಾಗಿರಬೇಕು. ಆಹಾರದ ಈ ಒಣ ನಿಯಮವನ್ನು ಹಳೆಯ ಕ್ರೈಸ್ತ ವ್ಯಾಖ್ಯಾನಕಾರರು ಓದುಗರ ಮೇಲೆ ಹೂಡಿದರು. ದೇವರ ಮಾತನ್ನು ನುಂಗಿ ಸುಮ್ಮನಾಗದೆ ಮತ್ತೆ ಬಾಯಿಗೆ ತಂದು ಅರೆಯುವವನೇ ಶುದ್ಧ ಜೀವಿ. ಬಾಯಿ ಎಂದದ್ದು ಉಪಮೆಗಲ್ಲ. ಅವರು ನಿಜಕ್ಕೂ ಬಾಯಲ್ಲಿ ಓದುತ್ತಿದ್ದರು. ಹಸ್ತಪ್ರತಿಗಳಲ್ಲಿ ಪದಗಳ ನಡುವೆ ತೆರಪಿಲ್ಲದ ಕಾಲ. ಸಾಲಿನಲ್ಲಿ ಪದ ಎಲ್ಲಿ ಮುರಿಯುತ್ತದೆ ಎಂದು ತಿಳಿಯಬೇಕಾದರೂ ನಾಲಿಗೆ ಆಡಬೇಕು. ಆರನೇ ಶತಮಾನದಲ್ಲಿ ರೋಮಿನ ದಕ್ಷಿಣಕ್ಕಿರುವ ಮೊಂತೆ ಕಸೀನೊ ಬೆಟ್ಟದ ಮೇಲೆ ಸಂತ ಬೆನೆಡಿಕ್ಟ್ ಮಠದ ನಿಯಮ ಬರೆದರು. ಅದರ ಮೊದಲ ಪದದ ಅರ್ಥವೇ ‘ಆಲಿಸು’. 48ನೇ ಅಧ್ಯಾಯದಲ್ಲಿ ದುಡಿಮೆಗೂ ಓದಿಗೂ ಹೊತ್ತು ಹಂಚುತ್ತ ಅವರೊಂದು ಚಿಕ್ಕ ಸಂಗತಿ ಸೇರಿಸಿದ್ದಾರೆ. ಬೇಸಿಗೆಯ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಸದ್ದಿಲ್ಲದೆ ಅಡ್ಡಾಗಲಿ. ಯಾರಿಗಾದರೂ ಓದಬೇಕೆನಿಸಿದರೆ ಪಕ್ಕದವರ ನಿದ್ದೆ ಕೆಡದಂತೆ ಓದಿಕೊಳ್ಳಲಿ. ಓದು ನಿದ್ದೆ ಕೆಡಿಸುವಷ್ಟು ಗಟ್ಟಿಯಾಗಿತ್ತು ಎಂದು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ತಪಸ್ಸಿನ ಕಾಲದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪುಸ್ತಕ ಕೊಡಬೇಕು, ಅದನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ಆ ಹೊತ್ತಿನಲ್ಲಿ ಒಬ್ಬಿಬ್ಬರು ಹಿರಿಯರು ಮಠದ ಸುತ್ತ ಹಾಕಿ, ಯಾವನಾದರೂ ಓದುವುದು ಬಿಟ್ಟು ಹರಟೆಗೆ ಕೂತಿದ್ದಾನೋ ನೋಡಿಬರಬೇಕು. ಸಂತರ ಮಠದಲ್ಲೂ ಕೊನೆಯ ಬೆಂಚಿನವರು ಇದ್ದರು.

ಮುಂದೆ ಹತ್ತನೇ ಶತಮಾನದಲ್ಲಿ ಗೋರ್ಜ್ ಮಠದ ಜಾನ್ ಎಂಬವರು ಕೀರ್ತನೆಗಳನ್ನು ಗುನುಗುತ್ತಿದ್ದುದನ್ನು ಅವರ ಚರಿತ್ರೆ ಬರೆದವರು ಜೇನುನೊಣದ ಝೇಂಕಾರಕ್ಕೆ ಹೋಲಿಸಿದರು. ಅದೂ ಹೊಂದುವ ಹೋಲಿಕೆಯೇ. ಜೇನೂ ತಂದದ್ದನ್ನು ಹೊಟ್ಟೆಯಿಂದ ಬಾಯಿಗೆ ತಂದುಕೊಂಡೇ ತುಪ್ಪ ಮಾಡುವುದು.

ಇನ್ನೂ ಹಿಂದೆ ಹೋದರೆ ಈಜಿಪ್ಟಿನ ಮರಳುಗಾಡು. ನಾಲ್ಕನೇ ಶತಮಾನ. ಗುಹೆ, ಗುಡಿಸಲುಗಳಲ್ಲಿ ಒಬ್ಬಂಟಿ ತಾಪಸರು ಈಚಲ ಗರಿ ನೆನೆಹಾಕಿ ಹಗ್ಗ ಹೊಸೆಯುತ್ತ, ಚಾಪೆ ಹೆಣೆಯುತ್ತ ಕೂತಿದ್ದಾರೆ. ಪುಸ್ತಕ ಎಲ್ಲರ ಬಳಿ ಇಲ್ಲ, ಇದ್ದದ್ದು ಬಾಯಿಪಾಠ. ಪಕೋಮಿಯೋಸ್ ಎಂಬ ಹಿರಿಯರ ಮಠಗಳಲ್ಲಿ ಸೇರಿದವನು ಅಕ್ಷರ ಕಲಿಯಬೇಕು, ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ಕಂಠಪಾಠ ಮಾಡಬೇಕು ಎಂಬ ನಿಯಮವೇ ಇತ್ತು. ಕೈ ಗರಿಯನ್ನು ಹೊಸೆಯುತ್ತದೆ, ಬಾಯಿ ಮಾತನ್ನು ಹೊಸೆಯುತ್ತದೆ. ಆ ಕಾಡಿನ ಕತೆಗಳಲ್ಲಿ ಒಬ್ಬನಿದ್ದ. ಅವನ ಆಸ್ತಿಯೆಂದರೆ ಒಂದೇ ಒಂದು ಶುಭಸಂದೇಶದ ಪುಸ್ತಕ. ಅದನ್ನೂ ಮಾರಿ ಹಸಿದವರಿಗೆ ಕೊಟ್ಟುಬಿಟ್ಟ. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದು ನನಗೆ ಹೇಳುತ್ತಿದ್ದ ಮಾತನ್ನೇ ಮಾರಿದೆ ಎಂದನಂತೆ. ಮೆಲುಕು ಮುಗಿದ ಮೇಲೆ ಮೇವು ಯಾಕೆ ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ, ತಪ್ಪಿದ್ದೀತು.

ಈ ಗುನುಗಿನ ಬೇರು ಇರುವುದು ಹೀಬ್ರೂ ಭಾಷೆಯಲ್ಲಿ. ಮೊದಲನೇ ಕೀರ್ತನೆಯಲ್ಲಿ ಒಳ್ಳೆಯವನೊಬ್ಬನ ವರ್ಣನೆಯಿದೆ. ಅವನು ಹಗಲೂ ಇರುಳೂ ಧರ್ಮಶಾಸ್ತ್ರವನ್ನು ಏನೋ ಮಾಡುತ್ತಾನೆ. ಆ ‘ಏನೋ’ಗೆ ಹೀಬ್ರೂವಿನಲ್ಲಿ ಹಗಾ ಎಂಬ ಕ್ರಿಯಾಪದ. ಅದನ್ನು ಕನ್ನಡದಲ್ಲಿ ಧ್ಯಾನಿಸು ಎನ್ನುತ್ತೇವೆ. ಧ್ಯಾನ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮುಚ್ಚಿದ ರೆಪ್ಪೆ, ಅಲುಗದ ತುಟಿ. ಆದರೆ ಪ್ರವಾದಿ ಯೆಶಾಯನಲ್ಲಿ ಬೇಟೆಯ ಮೇಲೆ ಕಾಲಿಟ್ಟ ಸಿಂಹ ಮಾಡುವ ಗುರ್ರ್ ಸದ್ದಿಗೂ ಅದೇ ಹಗಾ, ಪಾರಿವಾಳದ ಗುಟುರಿಗೂ ಅದೇ. ಗುನುಗು, ಗೊಣಗು, ಗುರುಗುಟ್ಟು – ಕನ್ನಡದಲ್ಲಿ ಗಕಾರದ ಈ ಮೂರು ಮಾತಿನ ನಡುವೆ ಎಲ್ಲೋ ಅದರ ಜಾಗ. 1831ರಲ್ಲಿ ಬೈಬಲನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರಿಂದ ಇಂದಿನವರೆಗೆ ಅನುವಾದಕರು ಎಷ್ಟು ತಿಣುಕಿದ್ದಾರೆ ಎಂಬುದು ಗೊತ್ತಿದ್ದರಿಂದ ದೂರುತ್ತಿಲ್ಲ. ಗೊಣಗು ಎಂದು ಬರೆಯಲು ಯಾರಿಗೆ ಮನಸ್ಸು ಬಂದೀತು? ಆದರೂ ನನ್ನ ಅಜ್ಜಿ ಜೈಮಿನಿ ಭಾರತ ಹಿಡಿದು ಕೂತಾಗ ಮಾಡುತ್ತಿದ್ದುದು ಧ್ಯಾನವಲ್ಲ, ಹಗಾ. ತುಟಿ ಆಡುತ್ತಿತ್ತು, ಪದ ಕೇಳುತ್ತಿರಲಿಲ್ಲ, ಕತ್ತು ತೂಗುತ್ತಿತ್ತು. ನಡುವೆ ನಿಲ್ಲಿಸಿ ‘ಅಯ್ಯೋ ಪಾಪ ಚಂದ್ರಹಾಸ’ ಎಂದು ಮೂಗು ಒರೆಸಿಕೊಳ್ಳುತ್ತಿದ್ದರು.

*

ತುಟಿ ಆಡಿಸದೆ ಓದುವ ಮನುಷ್ಯನನ್ನು ಕಂಡು ಬೆರಗಾದವರ ವರದಿಯೂ ಇದೆ. ಮಿಲಾನ್ ನಗರದ ಬಿಷಪ್ ಆಂಬ್ರೋಸ್ ಓದುವಾಗ ಅವರ ಕಣ್ಣು ಹಾಳೆಯ ಮೇಲೆ ಹರಿಯುತ್ತಿತ್ತು, ದನಿ ನಾಲಿಗೆ ಎರಡೂ ಸುಮ್ಮನಿದ್ದವು ಎಂದು ಅಗಸ್ಟೀನ್ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. ಅದು 380ರ ದಶಕ. ಮೌನವಾಗಿ ಓದುವುದು ಆಗ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಆದರೆ ಬರೆದಿಡಬೇಕು ಅನಿಸುವಷ್ಟು ಅಪರೂಪವಾಗಿ ಅಗಸ್ಟೀನರಿಗೆ ಕಂಡಿತು. ಬೇಗ ಕಟ್ಟುವ ಗಂಟಲನ್ನು ಉಳಿಸಿಕೊಳ್ಳಲೋ, ಗಟ್ಟಿಯಾಗಿ ಓದಿದರೆ ಕೇಳಿದವರೆಲ್ಲ ಅರ್ಥ ಕೇಳಿ ಪೀಡಿಸಿಯಾರೆಂದೋ ಹೀಗೆ ಮಾಡುತ್ತಿದ್ದಿರಬೇಕು ಎಂದು ಊಹಿಸುತ್ತಾರೆ. ಮಾತಾಡಿಸಲೆಂದು ಬಂದವರು ಎದುರಿಗೆ ಬಹಳ ಹೊತ್ತು ಕೂತು, ಆ ಮೌನ ಮುರಿಯಲು ಧೈರ್ಯ ಸಾಲದೆ ಎದ್ದು ಹೋಗುತ್ತಿದ್ದರಂತೆ. 387ರ ಈಸ್ಟರ್ ರಾತ್ರಿ ಇದೇ ಆಂಬ್ರೋಸರ ಕೈಯಿಂದ ಅಗಸ್ಟೀನ್ ದೀಕ್ಷಾಸ್ನಾನ ಪಡೆದರು. ಆ ಸ್ನಾನದ ಕೊಳದ ಅವಶೇಷ ಈಗಲೂ ಮಿಲಾನಿನ ಮಹಾದೇವಾಲಯದ ನೆಲದಡಿ ಇದೆ.

ಆ ನೆಲದ ಮೇಲೆ, 1980ರಲ್ಲಿ, ಆಂಬ್ರೋಸರ ಪೀಠದಲ್ಲಿ ಕೂತಿದ್ದ ಕಾರ್ಲೊ ಮರಿಯ ಮಾರ್ತೀನಿ ಯುವಕರನ್ನು ಸಂಜೆ ಕರೆಯತೊಡಗಿದರು. ಅವರು ಬೈಬಲಿನ ಹಳೆಯ ಹಸ್ತಪ್ರತಿಗಳ ಪಾಠ ಹೋಲಿಸಿ ಜೀವ ಸವೆಸಿದ್ದ ಜೆಸ್ವಿಟ್ ವಿದ್ವಾಂಸರು. ಪಾಂಡಿತ್ಯ ಸುರಿಯಬಹುದಿತ್ತು, ಸುರಿಯಲಿಲ್ಲ. ಒಂದು ಭಾಗ ಓದುವುದು, ಅದರ ಎಲುಬು ಎಲ್ಲಿ ಎಂದು ಸ್ವಲ್ಪ ತೋರಿಸುವುದು, ಆಮೇಲೆ ಬಾಯಿ ಮುಚ್ಚುವುದು. ಸಾವಿರಗಟ್ಟಲೆ ಹುಡುಗ ಹುಡುಗಿಯರು ಬಂದು ಕಲ್ಲುನೆಲದ ಮೇಲೆ ಕೂತು ಆ ದೊಡ್ಡ ಗುಡಿಯನ್ನು ಮೌನದಿಂದ ತುಂಬಿದರು. ಅಷ್ಟು ಜನ ಸುಮ್ಮನಿರುವ ಸದ್ದು ಹೇಗಿದ್ದೀತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ನಡುವಿನ ಶತಮಾನಗಳಲ್ಲಿ ಕಥೋಲಿಕರ ಮನೆಗಳಲ್ಲಿ ಬೈಬಲ್ ಹಿಡಿದು ಕೂರುವುದು ಕಡಿಮೆಯೇ. ಪೂಜೆ ಲ್ಯಾಟಿನ್ನಿನಲ್ಲಿ, ಪುಸ್ತಕ ಗುರುಗಳ ಕೈಯಲ್ಲಿ. ಮನೆಯ ಪಡಸಾಲೆಯಲ್ಲಿ ಸತ್ಯವೇದ ಓದುವ ರೂಢಿ ಗಟ್ಟಿಯಾಗಿದ್ದದ್ದು ಪ್ರೊಟೆಸ್ಟಂಟರಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ‘ದೇಯಿ ವೆರ್ಬುಮ್’ ಎಂಬ ಲೇಖ, ಎಲ್ಲ ವಿಶ್ವಾಸಿಗಳೂ ಗ್ರಂಥ ಓದಬೇಕು, ಓದಿನ ಜೊತೆಗೆ ಪ್ರಾರ್ಥನೆ ಇರಬೇಕು ಎಂದಿತು. ಮಠದ ಗೋಡೆಯೊಳಗಿನ ಮೇವು ಬೀದಿಗೆ ಬಂದದ್ದು ಆಮೇಲೆ.

ನಮ್ಮ ಕೆಂಗೇರಿಯ ಹಜಾರಕ್ಕೂ ಅದೇ ಗಾಳಿ ಬೀಸಿದ್ದು. ಅದಕ್ಕೂ ಮುಂಚೆ, 1955ರಲ್ಲಿ, ಇಂಗ್ಲೆಂಡಿನ ಬೆನೆಡಿಕ್ಟೀನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಭಾರತಕ್ಕೆ ಬಂದು ಮೊದಲು ಬಿಡಾರ ಹೂಡಿದ್ದು ಇದೇ ಕೆಂಗೇರಿಯಲ್ಲಿ. ಸಂಸ್ಕೃತದ ಅಭ್ಯಾಸ ಮಾಡುತ್ತ ಮೂರು ವರ್ಷ ಇದ್ದು ಕೇರಳಕ್ಕೆ, ಅಲ್ಲಿಂದ ಕಾವೇರಿ ದಡದ ಶಾಂತಿವನಕ್ಕೆ ಹೋದರು. ಕಾಲುದೀಪ, ನೆಲದ ಮೇಲೆ ಕೂರುವುದು, ಬಾಗಿಲಾಚೆಯ ಚಪ್ಪಲಿ ಇವಕ್ಕೆಲ್ಲ ರೋಮಿನ ಒಪ್ಪಿಗೆ ಸಿಕ್ಕಿದ್ದು 1969ರಲ್ಲಿ. ಅದರ ಹಿಂದೆ ಓಡಾಡಿದವರು ಬೆಂಗಳೂರಿನ ಬೈಬಲ್, ಧರ್ಮಶಿಕ್ಷಣ, ಆರಾಧನಾವಿಧಿಗಳ ರಾಷ್ಟ್ರೀಯ ಕೇಂದ್ರ ಕಟ್ಟಿದ ಡಿ. ಎಸ್. ಅಮಲೋರ್ಪವದಾಸ್. ಆಮೇಲೆ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಅಧ್ಯಯನದ ಪ್ರಾಧ್ಯಾಪಕರಾದರು, ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮ ಕಟ್ಟಿದರು, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ದೀಪ ಹಚ್ಚಿದ್ದಕ್ಕೆ ಒಳಗಿನವರೂ ಬೈದರು, ಹೊರಗಿನವರೂ ಗುಮಾನಿಪಟ್ಟರು.

ಶ್ರವಣ, ಮನನ, ನಿದಿಧ್ಯಾಸನ ಎಂಬ ಉಪನಿಷತ್ತಿನ ಮೂರು ಮಾತನ್ನು ಗೀಗೊನ ಏಣಿಗೆ ಆನಿಸಿ ನೋಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ನನಗೂ ಹುಟ್ಟಿತು. ಒಂದು ಕಡೆ ಮಾತ್ರ ಅದು ಕೂರುವುದಿಲ್ಲ. ಇಲ್ಲಿ ಓದುವವನಿಗೆ ಎದುರಿಗೊಬ್ಬ ಕೂತಿದ್ದಾನೆ. ಪುಸ್ತಕದಲ್ಲಿ ಅವನು ಆಡಿದ ಮಾತಿಗೆ ಇವನು ಮಾರುತ್ತರ ಕೊಡಬೇಕು. ಜಗಿಯುವುದರ ನಡುವೆ ಹಸು ಕತ್ತೆತ್ತಿ ಯಾರನ್ನೋ ನೋಡಿದ ಹಾಗೆ.

*

ಮೂರನೇ ಸಲ ಓದಿದವರು ನರ್ಸ್. ಈಗ ಮಾತಾಡಬಹುದು ಎಂದರು ಸಿಸ್ಟರ್, ಬೇಕಿದ್ದವರು.

ಲೈನ್‌ಮನ್ ಮಳೆಗಾಲದಲ್ಲಿ ದಾರಿಬದಿಯ ಕಂಬ ಹತ್ತುತ್ತಿದ್ದುದನ್ನು ಹೇಳಿದರು. ಕರೆಂಟು ಬಂದ ಮೇಲೆ ಯಾರೂ ಮೇಲೆ ನೋಡುವುದಿಲ್ಲವಂತೆ. ಹುಡುಗರು ತಲೆ ತಗ್ಗಿಸಿ ಕೂತರು. ಹೊಲಿಗೆಯ ಹೆಂಗಸು ಸೆರಗಿನ ಅಂಚನ್ನು ಬೆರಳಲ್ಲಿ ತಿರುಗಿಸುತ್ತ ಇದ್ದರು. ಹೊಲಿಗೆ ಎಷ್ಟು ಗಟ್ಟಿ ಎಂದು ನೋಡುವ ಬೆರಳು ಅದು.

‘ಅವನ ಹತ್ರ ಇದ್ದಿದ್ದೇ ಅದೊಂದು,’ ಎಂದರು. ‘ಚಳಿಗೂ ಅದೇ, ಹಾಸಕ್ಕೂ ಅದೇ. ಕಣ್ಣು ಬಂದ್ಮೇಲೆ ಬಿಸಾಕಿದ್ರೆ ಸರಿ. ಇವನು ಮುಂಚೇನೇ ಬಿಸಾಕ್ದ. ಅಷ್ಟು ಜನದ ಕಾಲ್‌ಕೆಳಗೆ. ಅಕಸ್ಮಾತ್ ಕಣ್ಣು ಬರ್ದೇ ಹೋಗಿದ್ರೆ? ಕುರುಡ, ಎಲ್ಲಿ ಅಂತ ಹುಡುಕ್ತಿದ್ದ ಅದನ್ನ?’

ಯಾರೂ ಏನೂ ಅನ್ನಲಿಲ್ಲ. ಹನಿ ಬೀಳುವುದು ಯಾವಾಗ ನಿಂತಿತ್ತೋ. ಜೆರಿಕೋ ನನ್ನ ಲೆಕ್ಕಾಚಾರದಿಂದ ಜಾರಿ ಒಂದು ಸಂತೆಬೀದಿಯಾಗಿತ್ತು. ತುಳಿದಾಟದ ನಡುವೆ ಬಿದ್ದ ಒಂದು ಹರಕು ಹೊದಿಕೆ ಕಾಣುತ್ತಿತ್ತು, ಅದರ ಬಣ್ಣವೂ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆಕೆ ಕಣ್ಣು ಮುಚ್ಚಿಕೊಂಡು, ನಮಗಲ್ಲ, ದೀಪದ ಕಡೆಗೆ ಮುಖ ಮಾಡಿ ಹೇಳಿದರು: ‘ನಂಗೆ ಅಷ್ಟು ಧೈರ್ಯ ಇಲ್ಲ ಸ್ವಾಮಿ.’

ಆಮೇಲೆ ಇಪ್ಪತ್ತು ನಿಮಿಷ ಹಜಾರದಲ್ಲಿ ಉಸಿರಿನ ಸದ್ದು ಮಾತ್ರ. ಒಬ್ಬ ಹುಡುಗ ತೂಕಡಿಸಿದ. ಸಿಸ್ಟರ್ ಎಬ್ಬಿಸಲಿಲ್ಲ.

ಕಾಫಿ, ಮಾರಿ ಬಿಸ್ಕತ್ತು ಆಗಿ ಹೊರಬಿದ್ದಾಗ ಐದು ದಾಟಿತ್ತು. ಬಸ್ ಸ್ಟಾಪಿನವರೆಗೆ ಆಕೆಯೂ ನಾನೂ ಒಂದೇ ದಾರಿ. ನಾಳೆ ಭಾನುವಾರ, ಆದರೂ ಶಿಪ್‌ಮೆಂಟ್ ಇದೆ ಎಂದು ಕರೆದಿದ್ದಾರೆ, ಬೆಳಗಿನ ಪೂಜೆ ಮುಗಿಸಿಯೇ ಹೋಗಬೇಕು ಎಂದಷ್ಟು ಹೇಳಿದರು. ಬಸ್ಸು ತುಂಬಿತ್ತು. ಅವರಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು, ನಾನು ಕಂಬಿ ಹಿಡಿದು ನಿಂತೆ. ಮತ್ತೆ ಮಳೆ ಹನಿಯತೊಡಗಿತು. ಅವರು ಗಾಜು ಎಳೆದುಕೊಂಡು ಹೊರಗೆ ನೋಡುತ್ತ ಕೂತರು. ತುಟಿ ಆಡುತ್ತಿತ್ತು.

‘ಆಧಾರ್ ತೋರ್ಸಮ್ಮಾ,’ ಎಂದ ಕಂಡಕ್ಟರ್. ಕೇಳಿಸಲಿಲ್ಲ. ‘ಅಮ್ಮಾ, ನಿಮ್ಗೇನೇ.’

ತಿರುಗಿ ನೋಡಿದರು. ಪರ್ಸಿನ ಒಳಗಿನ ಜೇಬಿನಿಂದ ಮಡಿಸಿದ ಪ್ಲಾಸ್ಟಿಕ್ ಕವರು ತೆಗೆದು ತೋರಿಸಿದರು. ಸೊನ್ನೆ ರೂಪಾಯಿಯ ಗುಲಾಬಿ ಚೀಟಿ ಹರಿದು ಕೊಟ್ಟು ಆತ ಮುಂದೆ ಹೋದ. ಚೀಟಿಯನ್ನು ಬಳೆಗೆ ಸಿಕ್ಕಿಸಿಕೊಂಡು ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು. ರಾಜರಾಜೇಶ್ವರಿನಗರದ ಕಮಾನು ದಾಟುವವರೆಗೂ ನೋಡುತ್ತಿದ್ದೆ. ದವಡೆ ಮೆಲ್ಲಗೆ ಆಡುತ್ತಲೇ ಇತ್ತು.